ದೊಡ್ಡಪ್ಪನ ದುಡ್ಡು

‘ನಿಮ್ಮ ಹತ್ರ ಟ್ರ್ಯಾಕ್ಟರ್ ಚಿತ್ರ ಇರೋ ಹಳೇ ಐದು ರೂಪಾಯಿ ನೋಟು ಇದ್ಯಾ? ಮನೇಲೇ ಕೂತು ಲಕ್ಷ ಗಳಿಸಿ!’

ಈ ಥರದ ಮೆಸೇಜು ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಒಂದಲ್ಲ ಒಂದು ಸಲ ಬಂದಿರುತ್ತೆ. ಕೆಲವು ಸಲ ಟ್ರ್ಯಾಕ್ಟರ್ ನೋಟು, ಕೆಲವು ಸಲ ವೈಷ್ಣೋದೇವಿ ಚಿತ್ರದ ನಾಣ್ಯ, ಇಲ್ಲಾಂದ್ರೆ 786 ನಂಬರಿನ ನೋಟು. ಕೊಟ್ಟಿರೋ ನಂಬರಿಗೆ ಫೋನ್ ಮಾಡಿದ್ರೆ ರಿಸರ್ವ್ ಬ್ಯಾಂಕಿನ ಹೆಸರು ಹೇಳ್ತಾರೆ, ಆಮೇಲೆ ಮೆಲ್ಲಗೆ ‘ನೋಂದಣಿ ಶುಲ್ಕ’ ಕೇಳ್ತಾರೆ. ಇದು ಎಷ್ಟು ಹಬ್ಬಿತ್ತು ಅಂದ್ರೆ, 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ‘ಹಳೇ ನೋಟು, ನಾಣ್ಯ ಕೊಳ್ಳೋ ಮಾರೋ ವ್ಯವಹಾರ ನಾವು ಮಾಡಲ್ಲ, ಅದಕ್ಕೆ ಯಾವ ಶುಲ್ಕ, ಕಮಿಷನ್ನೂ ಕೇಳಲ್ಲ’ ಅಂತ ಹೇಳಬೇಕಾಯ್ತು.

ಹೋದ ವರ್ಷ ಇಂಥದ್ದೇ ಒಂದು ಮೆಸೇಜನ್ನ ನಮ್ಮಣ್ಣ, ಅಂದ್ರೆ ದೊಡ್ಡಪ್ಪನ ಮಗ, ನನಗೆ ಕಳಿಸಿದ. ಕೆಳಗೆ ಒಂದು ಸಾಲು: ‘ಇದು ಸುಳ್ಳು ಅಂತ ಗೊತ್ತು ಕಣೋ. ಆದ್ರೆ ಅಪ್ಪನ ಟ್ರಂಕಲ್ಲಿ ಇರೋದಕ್ಕೆ ನಿಜವಾಗ್ಲೂ ಎಷ್ಟು ಬೆಲೆ ಬರುತ್ತೆ? ಒಂದು ಪಟ್ಟಿ ಮಾಡಿಕೊಡು. ಅವರಿಗೂ ವಯಸ್ಸಾಯ್ತು.’

ದೊಡ್ಡಪ್ಪನಿಗೆ ಈಗ ಎಂಬತ್ತೆರಡು. ಮೇಲುಕೋಟೆಯಲ್ಲಿ ಮೇಷ್ಟ್ರಾಗಿದ್ದವರು, ರಿಟೈರ್ ಆದ ಮೇಲೂ ಅಲ್ಲೇ ಉಳಿದವರು. ಅವರ ಟ್ರಂಕಿನೊಳಗೆ ಹಾರ್ಲಿಕ್ಸ್ ಬಾಟಲಿ, ಹಿತ್ತಾಳೆ ಡಬ್ಬಿ, ಎಲೆಅಡಿಕೆ ಚೀಲ, ಹಳೇ ಮದುವೆ ಪತ್ರಿಕೆಯ ಕವರು. ಎಲ್ಲದರಲ್ಲೂ ನಾಣ್ಯ, ನೋಟು. ಎಣಿಸಿದ್ರೆ ಒಟ್ಟು 312. ನಾನು ಲ್ಯಾಪ್‌ಟಾಪ್ ತಗೊಂಡು ಹೋಗಿ ಎಕ್ಸೆಲ್ ಶೀಟ್ ತೆಗೆದೆ. ಯಾವ ವರ್ಷ, ಯಾವ ಟಂಕಸಾಲೆ, ಯಾವ ಲೋಹ, ಎಷ್ಟು ಬೆಲೆ: ನಾಲ್ಕು ಕಾಲಮ್ಮು. ದೊಡ್ಡಪ್ಪ ಕನ್ನಡಕ ಮೂಗಿನ ಮೇಲೆ ಜಾರಿಸಿ ಸ್ಕ್ರೀನ್ ನೋಡಿದರು. ‘ಎಲ್ಲ ಸರಿ. ಯಾಕೆ ಮಡಗಿದ್ದೀನಿ ಅನ್ನೋದಕ್ಕೆ ಜಾಗ ಎಲ್ಲದೆ?’ ಅಂದರು.

ಈ ಸಲದ ಅಂಕಣ ಆ ಐದನೇ ಕಾಲಮ್ಮಿನ ಬಗ್ಗೆ.

ಮೊದಲು ನಮ್ಮ ಬಾಯಲ್ಲೇ ಇರೋ ಸಂಗ್ರಹ ನೋಡೋಣ. ‘ಹಣ’ ಅಂತೀವಲ್ಲ, ಅದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರಾಗಿತ್ತು. ‘ದುಡ್ಡು’ ತಾಮ್ರದ ನಾಣ್ಯ. ‘ಕಾಸು’ ಅದಕ್ಕಿಂತ ಚಿಕ್ಕದು. ರೂಪಾಯಿಗೆ ಹದಿನಾರಾಣೆ ಇದ್ದ ಲೆಕ್ಕ 1957ರ ಏಪ್ರಿಲ್ 1ಕ್ಕೇ ಹೋಯ್ತು, ಆದ್ರೂ ‘ಹದಿನಾರಾಣೆ ಸತ್ಯ’ ಅಂತ ನಾವು ಇವತ್ತಿಗೂ ಹೇಳ್ತೀವಿ. ಆಣೆ ಮುಟ್ಟಿ ನೋಡದವರೂ ಹೇಳ್ತಾರೆ. ಚಲಾವಣೆ ನಿಂತ ನಾಣ್ಯಗಳನ್ನ ಮಾತಿನಲ್ಲಿ ಜೋಪಾನ ಮಾಡೋದು ನಮಗೆಲ್ಲ ಬರುತ್ತೆ. ಕೆಲವರು ಅದನ್ನೇ ಡಬ್ಬಿಯಲ್ಲಿ ಮಾಡ್ತಾರೆ, ಅಷ್ಟೇ ವ್ಯತ್ಯಾಸ.

ಅದರಲ್ಲೂ ನಮ್ಮ ಕಡೆಯವರಿಗೆ ಈ ಹುಚ್ಚು ಹಿಡಿಯೋದು ಸುಲಭ, ಯಾಕಂದ್ರೆ ಟಂಕಸಾಲೆ ಪಕ್ಕದಲ್ಲೇ ಇತ್ತು. ಮೇಲುಕೋಟೆಯಿಂದ ಬೆಟ್ಟ ಇಳಿದು ಪಾಂಡವಪುರ ದಾಟಿದ್ರೆ ಶ್ರೀರಂಗಪಟ್ಟಣ. 1638ರಿಂದ 1659ರವರೆಗೆ ಅಲ್ಲಿಂದ ಆಳಿದ ಕಂಠೀರವ ನರಸರಾಜ ಒಡೆಯರು ಸ್ವಂತ ಟಂಕಸಾಲೆ ನಡೆಸಿ ‘ಕಂಠೀರಾಯ ಹಣ’ ಹೊರಡಿಸಿದರು. ಚಿನ್ನದ್ದೇ, ಆದ್ರೆ ತೂಕ ಅರ್ಧ ಗ್ರಾಮಿಗೂ ಕಡಿಮೆ. ಬೆರಳ ತುದಿಯಲ್ಲಿಟ್ಟು ಜೋರಾಗಿ ಉಸಿರು ಬಿಟ್ರೆ ಹಾರಿಹೋಗುತ್ತೇನೋ ಅನ್ನಿಸೋ ಅಷ್ಟು ಸಣ್ಣದು. ಅಷ್ಟರೊಳಗೇ ಒಂದು ಕಡೆ ನರಸಿಂಹ ಕೂತಿದ್ದಾನೆ.

ಹೈದರಾಲಿ ಬಂದ ಮೇಲೆ ಇನ್ನೂ ಸ್ವಾರಸ್ಯ. ಅವನ ವರಹದ ಒಂದು ಬದಿಯಲ್ಲಿ ಮೊದಲಿನಿಂದ ನಡೆದುಬಂದ ಶಿವ ಪಾರ್ವತಿಯರನ್ನ ಹಾಗೇ ಬಿಟ್ಟು, ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನ ಮಾತ್ರ ಹಾಕಿಸಿದ. ಸಂತೆಯಲ್ಲಿ ಜನ ಕಣ್ಣುಮುಚ್ಚಿ ತಗೊಳ್ಳೋ ನಾಣ್ಯವನ್ನ ಬದಲಾಯಿಸೋಕೆ ಹೋಗ್ಬಾರದು ಅನ್ನೋ ವ್ಯಾಪಾರದ ಬುದ್ಧಿ ಅದರಲ್ಲಿ ಕಾಣುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ಬದಲಾಯ್ತು, ಬಳಕೆದಾರನಿಗೆ ಕಾಣೋ ಪುಟ ಹಾಗೇ ಉಳೀತು.

ಟಿಪ್ಪು ಇದಕ್ಕೆ ಪೂರ್ತಿ ಉಲ್ಟಾ. ಎಲ್ಲವನ್ನೂ ಹೊಸದಾಗಿ ಬರೆದ. 1787ರ ಹೊತ್ತಿಗೆ ‘ಮೌಲೂದಿ’ ಅನ್ನೋ ಹೊಸ ಶಕೆ ತಂದ, ನಾಣ್ಯದ ಮೇಲೆ ಇಸವಿಯ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. ನಾಣ್ಯಕ್ಕೊಂದೊಂದು ಹೆಸರಿಟ್ಟ. ತಾಮ್ರದ ಪೈಸೆಗೆ ‘ಜೊಹ್ರಾ’, ಅಂದ್ರೆ ಶುಕ್ರಗ್ರಹ. ಆ ಪೈಸೆಯ ಮೇಲಿರೋ ಆನೆಯೇ ಸಂಗ್ರಹಕಾರರಿಗೆ ಪ್ರಾಣ. ಆನೆ ಎಡಕ್ಕೆ ನೋಡ್ತಿದೆಯಾ, ಬಲಕ್ಕಾ? ಬಾಲ ಮೇಲೋ, ಕೆಳಗೋ? ಬೆನ್ನ ಮೇಲೆ ಬಾವುಟ ಇದೆಯಾ? ಹಿಂದುಗಡೆ ‘ಪಟ್ಟಣ’ ಅಂತಿದ್ರೆ ಶ್ರೀರಂಗಪಟ್ಟಣದ್ದು, ‘ನಗರ’ ಅಂತಿದ್ರೆ ಬಿದನೂರಿನದ್ದು. ಮದ್ರಾಸು ಮ್ಯೂಸಿಯಮ್ಮಿನ ಹೆಂಡರ್ಸನ್ ಅನ್ನೋರು ಬರೀ ಹೈದರ್ ಮತ್ತು ಟಿಪ್ಪು ನಾಣ್ಯಗಳ ಬಗ್ಗೆಯೇ ಒಂದು ಪುಸ್ತಕ ಬರೆದು 1921ರಲ್ಲಿ ಪ್ರಕಟಿಸಿದ್ರು ಅಂದ್ರೆ ಈ ಆನೆಗಳ ಸೆಳೆತ ಎಷ್ಟಿರಬೇಕು ನೋಡಿ.

1799ರಲ್ಲಿ ಪಟ್ಟಣ ಬಿತ್ತು, ರಾಜ್ಯ ಒಡೆಯರಿಗೆ ವಾಪಸ್ ಬಂತು. ಆನೆ ಮಾತ್ರ ಎಲ್ಲೂ ಹೋಗಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳ ಮೇಲೂ ಅದೇ ಆನೆ. ಮೇಲೆ ಸೂರ್ಯ, ಚಂದ್ರ, ಜೊತೆಗೆ ಕನ್ನಡದ ‘ಶ್ರೀ’. ಮುಂದೆ ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಇರೋ ‘ಮಯಿಲಿ ಕಾಸು’ ಬಂತು. ಈ ಚರಿತ್ರೆಯನ್ನೆಲ್ಲ ನಾವು ಪರೀಕ್ಷೆಗೆ ಉರು ಹೊಡೆದವರು. ಆದ್ರೆ ದೊಡ್ಡಪ್ಪನ ಅಂಗೈ ಮೇಲೆ ಎರಡು ಆನೆಗಳನ್ನ ಅಕ್ಕಪಕ್ಕ ನೋಡಿದಾಗ ಅದು ಬೇರೆ. ಶಾಸನ ಗುಡಿಯ ಗೋಡೆ ಮೇಲಿರುತ್ತೆ, ಸನ್ನದು ಅರಮನೇಲಿರುತ್ತೆ. ರಾಜ ಬದಲಾದ ಸುದ್ದಿ ಕೆ.ಆರ್. ಪೇಟೆ ಸಂತೆಯಲ್ಲಿ ಬೆಲ್ಲ ಮಾರೋಳ ಕೈಗೆ ಮುಟ್ಟಿದ್ದು ಈ ಕಾಸಿನ ಮೂಲಕವೇ. ಎರಡನ್ನೂ ಅವಳು ಒಂದೇ ಸೆರಗಿನ ಗಂಟಿಗೆ ಕಟ್ಟಿರಬಹುದು.

ಜನ ನಾಣ್ಯ ಕೂಡಿಡೋಕೆ ಇದು ಒಂದು ಕಾರಣ. ಚರಿತ್ರೆಯಲ್ಲಿ ಬಡವರ ಕೈಗೂ ಬಂದ ದಾಖಲೆ ಅಂದ್ರೆ ಇದೇ.

ಆದ್ರೆ ಕೂಡಿಡೋದು ಬೇರೆ, ಸಂಗ್ರಹ ಬೇರೆ. ಇದಕ್ಕೂ ನಮ್ಮ ಪಟ್ಟಣದಲ್ಲೇ ಉದಾಹರಣೆ ಇದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರಿಗೆ ‘ನವಕೋಟಿ ನಾರಾಯಣ’ ಅಂತ ಹೆಸರು. ದಿನಾ ಸಾವಿರ ಸಾವಿರ ವರಹದ ಎರಡು ಚೀಲ ಖಜಾನೆ ಸೇರೋವರೆಗೂ ಅವರು ಊಟ ಮಾಡ್ತಿರಲಿಲ್ಲವಂತೆ, ಹಾಗಂತ ಕತೆ. ಅವರಿಗೆ ಎಲ್ಲ ವರಹವೂ ಒಂದೇ. ಒಂದರ ಬದಲು ಇನ್ನೊಂದು ಇಟ್ರೆ ಗೊತ್ತಾಗಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ದುಡ್ಡಿನ ಗುಣವೇ ಅದು: ನಿಮ್ಮ ನೂರು, ನನ್ನ ನೂರು ಎರಡೂ ಒಂದೇ. ಸಂಗ್ರಹಕಾರ ಈ ನಿಯಮವನ್ನ ಮುರೀತಾನೆ. ಅವನಿಗೆ ‘ಇದೇ’ ಬೇಕು. ಕೈಯಿಂದ ಕೈಗೆ ಓಡ್ತಾ ಇರೋದೇ ನಾಣ್ಯದ ಕೆಲಸ. ಅದರಲ್ಲಿ ಒಂದನ್ನ ಹಿಡಿದು, ‘ನೀನು ಇನ್ನು ಓಡ್ಬೇಡ, ಇಲ್ಲೇ ಇರು’ ಅಂತ ನಿಲ್ಲಿಸೋದೇ ಸಂಗ್ರಹ.

ಈ ಆಸೆ ಇವತ್ತಿನದಲ್ಲ. ರೋಮಿನ ಚಕ್ರವರ್ತಿ ಅಗಸ್ಟಸ್ ಹಬ್ಬದಲ್ಲಿ ತನ್ನವರಿಗೆ ಹಳೇ ರಾಜರ ನಾಣ್ಯ, ಪರದೇಶದ ನಾಣ್ಯಗಳನ್ನ ಉಡುಗೊರೆ ಕೊಡ್ತಿದ್ದ ಅಂತ ಅವನ ಚರಿತ್ರೆ ಬರೆದ ಸ್ಯೂಟೋನಿಯಸ್ ಹೇಳ್ತಾನೆ. ಅದೇ ಅಗಸ್ಟಸನ ಬೆಳ್ಳಿ ನಾಣ್ಯಗಳು ನಮ್ಮ ಯಶವಂತಪುರದಲ್ಲಿ ಸಿಕ್ಕಿವೆ! 1891ರಲ್ಲಿ ಅಲ್ಲಿ ನೆಲ ಅಗೆದಾಗ ಬಂದ ರೋಮನ್ ನಾಣ್ಯಗಳ ರಾಶಿಯಲ್ಲಿ ಅವನವೂ ಇದ್ದವು. ಮೆಟ್ರೋದಲ್ಲಿ ದಿನಾ ಆ ಸ್ಟೇಷನ್ ದಾಟೋ ಎಷ್ಟು ಜನಕ್ಕೆ ಇದು ಗೊತ್ತೋ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಾರೋ ಅದನ್ನ ಹೂತಿಟ್ಟು ಹೋದರು, ವಾಪಸ್ ಬರಲಿಲ್ಲ. ಎಷ್ಟು ನಾಣ್ಯ, ಯಾವ ರಾಜ ಅನ್ನೋದನ್ನೆಲ್ಲ ಹೇಳಬಹುದು. ಯಾಕೆ ಹೂತ, ಯಾಕೆ ಬರಲಿಲ್ಲ ಅನ್ನೋದನ್ನ ಹೇಳೋರು ಯಾರೂ ಇಲ್ಲ.

ದೊಡ್ಡಪ್ಪನ ಐದನೇ ಕಾಲಮ್ಮಿನ ಮಹತ್ವ ಇಲ್ಲೇ ಇರೋದು. ಅವರ 312ರಲ್ಲಿ ಅಂಗಡಿಯವರು ಒಳ್ಳೇ ಬೆಲೆ ಕೊಡಬಹುದಾದ್ದು ಹದಿನೈದೋ ಇಪ್ಪತ್ತೋ. ಉಳಿದದ್ದಕ್ಕೆ ಬೆಲೆ ಅಷ್ಟಕ್ಕಷ್ಟೇ. ಆದ್ರೆ ಅವರು ಮಾತಾಡಿದ್ದೆಲ್ಲ ಆ ಉಳಿದದ್ದರ ಬಗ್ಗೆಯೇ.

ಒಂದು ತೂತು ಕಾಸು ಇತ್ತು. ಎರಡನೇ ಮಹಾಯುದ್ಧದ ಹೊತ್ತಲ್ಲಿ ತಾಮ್ರಕ್ಕೆ ಬರ ಬಂದು, 1943ರಿಂದ ನಡುವೆ ತೂತು ಇರೋ ಒಂದು ಪೈಸೆ ಹೊರಡಿಸಿದ್ರಲ್ಲ, ಅದು. ಮಾರುಕಟ್ಟೆಯಲ್ಲಿ ಸಲೀಸಾಗಿ ಸಿಗುತ್ತೆ, ದೊಡ್ಡ ಬೆಲೆ ಏನಿಲ್ಲ. ‘ಬರ್ಕೋ’ ಅಂದರು ದೊಡ್ಡಪ್ಪ. ‘ನನ್ನ ಉಡಿದಾರದಲ್ಲಿ ಇದ್ದುದ್ದು. ಅವ್ವ ಕಟ್ಟಿದ್ಲು. ಎಂಟು ವರ್ಷ ಆಗೋಗಂಟ ಸೊಂಟದಲ್ಲೇ ಇತ್ತು.’

ಇನ್ನೊಂದು 1957ರ ಒಂದು ನಯಾ ಪೈಸೆ. ಇದರ ಹಿಂದೆ ಒಂದು ಲೆಕ್ಕ ಇದೆ, ನಮ್ಮ ಕೋಡಿಂಗ್ ಮಂದಿಗೆ ಇಷ್ಟ ಆಗುತ್ತೆ. ರೂಪಾಯಿಗೆ ಹದಿನಾರಾಣೆ ಹೋಗಿ ನೂರು ಪೈಸೆ ಬಂದಾಗ ಒಂದಾಣೆಗೆ ಆರೂಕಾಲು ಪೈಸೆ ಆಗ್ಬೇಕು. ಕಾಲು ಪೈಸೆ ಎಲ್ಲಿಂದ ತರೋದು? ಅದಕ್ಕೆ ಸರ್ಕಾರದ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಪೈಸೆ ಅಂತ ಗೊತ್ತು ಮಾಡಿದ್ರು. ಅಂದ್ರೆ ಒಂದೊಂದೇ ಆಣೆ ನಾಲ್ಕು ಸಲ ಕೊಟ್ಟು ಬದಲಾಯಿಸಿದ್ರೆ 24 ಪೈಸೆ, ಒಟ್ಟಿಗೆ ಕೊಟ್ರೆ 25. ಹದಿನಾಲ್ಕು ವರ್ಷದ ದೊಡ್ಡಪ್ಪ ಇದನ್ನ ಕಂಡುಹಿಡಿದು, ಓರಗೆ ಹುಡುಗರ ಬಿಡಿ ಆಣೆಗಳನ್ನೆಲ್ಲ ಸೇರಿಸಿ, ನಾಲ್ಕು ನಾಲ್ಕಾಗಿ ಅಂಗಡೀಲಿ ಕೊಟ್ಟು, ಸಿಕ್ಕ ಒಂದು ಪೈಸೆ ತಮ್ಮ ಹತ್ರ ಇಟ್ಕೊಂಡರಂತೆ. ‘ಇದು ನನ್ನ ಮೊದಲ್ನೇ ಸಂಪಾದನೆ’ ಅಂತ ನಕ್ಕರು. ಆ ಪೈಸೆಗೆ ಈಗ ಎಷ್ಟು ಬೆಲೆ ಅಂತ ನಾನು ಹೇಳೋಕೆ ಹೋಗಲಿಲ್ಲ.

ಆಮೇಲೆ ಒಂದು ಅರಿಶಿನ ಬಟ್ಟೆಯ ಗಂಟು ಬಂತು.

ಮುಡಿಪು ಕಟ್ಟೋದು ನಮ್ಮ ಕಡೆ ಗೊತ್ತಿರೋದೇ. ಮಗುಗೆ ಜ್ವರ ಬಂದ್ರೆ, ಮದುವೆ ಕೂಡಿ ಬರದಿದ್ರೆ, ಅರಿಶಿನ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ದೇವರ ಮುಂದಿಡ್ತಾರೆ. ಕೆಲಸ ಆದ ಮೇಲೆ ತಿರುಪತಿಗೋ ಚೆಲುವನಾರಾಯಣನಿಗೋ ಸಲ್ಲಿಸ್ತಾರೆ. ಅಲ್ಲೀವರೆಗೂ ಮನೇಲಿ ಎಷ್ಟೇ ಕಷ್ಟ ಬರಲಿ, ಆ ಒಂದು ರೂಪಾಯಿ ಮುಟ್ಟೋ ಹಾಗಿಲ್ಲ. ಖರ್ಚಾಗಬಾರದ ದುಡ್ಡು ಅಂದ್ರೆ ಏನು ಅನ್ನೋದನ್ನ ನಮಗೆ ಮೊದಲು ಕಲಿಸಿದ್ದು ಯಾವ ನಾಣ್ಯ ಸಂಘವೂ ಅಲ್ಲ, ದೇವರ ಗೂಡು.

ಈ ಗಂಟು ದೊಡ್ಡಮ್ಮನದು. ಅವರು ತೀರಿಕೊಂಡದ್ದು 2018ರಲ್ಲಿ. ದೇವರ ಗೂಡು ಒರೆಸುವಾಗ ಹಿಂದುಗಡೆ ಸಿಕ್ಕಿತಂತೆ. ಒಳಗೆ ಒಂದು ರೂಪಾಯಿ ನಾಣ್ಯ, ಜೊತೆಗೆ ನಾಲ್ಕು ಮಡಿಕೆಯ ಒಂದು ಹಳೇ ಐನೂರು. 2016ರ ನವೆಂಬರ್ 8ರ ರಾತ್ರಿ ಮನೇಲಿದ್ದ ಹಳೇ ನೋಟೆಲ್ಲ ತೆಗೀರಿ ಅಂದಾಗ ದೊಡ್ಡಮ್ಮ ಸಾಸಿವೆ ಡಬ್ಬಿಯದು, ಬೀರುವಿನದು ಎಲ್ಲ ತಂದು ಸುರಿದಿದ್ದರು. ಇದನ್ನ ತೆಗೆದಿರಲಿಲ್ಲ. ಮರೆತರೋ, ದೇವರ ದುಡ್ಡು ಬದಲಾಯಿಸಬಾರದು ಅಂತ ಬಿಟ್ಟರೋ?

‘ಯಾವ ಹರಕೆ ದೊಡ್ಡಪ್ಪ?’ ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಿಮ್ಮಣ್ಣನ ಕೆಲಸಕ್ಕೋ, ನನ್ನ ಆಪರೇಷನ್‌ಗೋ. ಒಂದು ಮಾತು ಹೇಳ್ನಿಲ್ಲ ಅವಳು. ನಾನೂ ಕೇಳ್ನಿಲ್ಲ. ಹುಂಡಿಗೆ ಹಾಕಾನಾ ಅಂದ್ರೆ ನೋಟು ನಡೆಯಾಕಿಲ್ಲ. ಹರಕೆ ತೀರ್‍ತೋ ಇಲ್ವೋ ಅದೂ ಗೊತ್ತಿಲ್ಲ.’

ಐದನೇ ಕಾಲಮ್ಮಿನ ಆ ಮನೆ ಖಾಲಿ ಇದೆ. ಯಶವಂತಪುರದ ರಾಶಿಯ ಹಾಗೆಯೇ, ವಸ್ತು ಇದೆ, ಕಾರಣ ಹೋಗಿಬಿಟ್ಟಿದೆ. ವ್ಯತ್ಯಾಸ ಅಂದ್ರೆ ಇದಕ್ಕೆ ಎರಡು ಸಾವಿರ ವರ್ಷ ಬೇಕಾಗಲಿಲ್ಲ.

‘ಬೆಲೆ ಇಲ್ಲದ್ದನ್ನ ಯಾಕೆ ಇಟ್ಕೋಬೇಕು’ ಅನ್ನೋರು ಮೇಲುಕೋಟೆಗೆ ಒಂದು ವೈರಮುಡಿ ಹಬ್ಬಕ್ಕೆ ಬರಬೇಕು. ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿರೋ ಕಿರೀಟ, ಪೊಲೀಸ್ ಕಾವಲಲ್ಲಿ, ದಾರಿಯ ಊರೂರಲ್ಲಿ ಪೂಜೆ ಮಾಡಿಸ್ಕೊಂಡು ಬೆಟ್ಟ ಹತ್ತುತ್ತೆ. ಆ ರಾತ್ರಿ ಮಾತ್ರ ಚೆಲುವನಾರಾಯಣನ ತಲೆ ಮೇಲೆ. ಬೀದಿ ತುಂಬ ಜನ ನಿದ್ದೆಗೆಟ್ಟು ಕಾಯ್ತಾರೆ. ಅದರ ಬೆಲೆ ಎಷ್ಟು ಅಂತ ಅವತ್ತು ಯಾರೂ ಕೇಳಲ್ಲ. ಯಾಕೆ ಬಂತು, ಹೇಗೆ ಬಂತು ಅನ್ನೋ ಕತೆ ಮಾತ್ರ ಅಜ್ಜಿಯಂದಿರಿಂದ ಮೊಮ್ಮಕ್ಕಳವರೆಗೆ ಎಲ್ಲರಿಗೂ ಗೊತ್ತು. ಕತೆ ಗೊತ್ತಿರೋದ್ರಿಂದಲೇ ಅದು ಕಿರೀಟ. ಇಲ್ಲದಿದ್ರೆ ಖಜಾನೆಯ ಲೆಕ್ಕದಲ್ಲಿ ಒಂದು ಸಾಲು.

ಈಗ ನಮ್ಮ ಸರದಿ. ನಮ್ಮ ದುಡ್ಡೆಲ್ಲ ಫೋನಲ್ಲಿದೆ. ಎಳನೀರಿಗೂ ಸ್ಕ್ಯಾನು, ಪುಳಿಯೋಗರೆಗೂ ಸ್ಕ್ಯಾನು. ಯಾವ ದಿನ, ಎಷ್ಟು ಗಂಟೆಗೆ, ಯಾರಿಗೆ ಎಷ್ಟು ಕೊಟ್ಟೆ ಅನ್ನೋದು ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗಿರುತ್ತೆ. ಅಂಥ ದಾಖಲೆಗಳನ್ನ ಬರೆಯೋ ಸಾಫ್ಟ್‌ವೇರೇ ನನ್ನ ಹೊಟ್ಟೆಪಾಡು, ಅದನ್ನ ನಾನು ಹಳೀತಿಲ್ಲ. ಆದ್ರೆ ಅದರಲ್ಲಿ ಒಂದು ಪಾವತಿಯನ್ನ ಹಿಡಿದು ನಿಲ್ಲಿಸಿ ಉಡಿದಾರಕ್ಕೆ ಕಟ್ಟೋಕಾಗಲ್ಲ. ಕೈಯಲ್ಲಿ ಹಿಡಿಯೋ ಹಾಗೆ ನಮಗೆ ಉಳಿದಿರೋದು ಮುಯ್ಯಿ ಕವರಿಗೆ ಅಂಟಿಸಿ ಬರೋ ಒಂದು ರೂಪಾಯಿಯೇ ಇರಬೇಕು. ಮುಂದಿನ ಮದುವೇಲಿ ಕವರ್ ಸಿಕ್ಕಿದ್ರೆ ಆ ನಾಣ್ಯವನ್ನ ಸ್ವಲ್ಪ ತಿರುಗಿಸಿ ನೋಡಿ. ಇಸವಿಯ ಕೆಳಗೆ ಪುಟ್ಟ ವಜ್ರದ ಆಕಾರ ಇದ್ರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ರೆ ಹೈದರಾಬಾದ್, ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತ್ತ. ನೋಟು ಸಿಕ್ಕಿದ್ರೆ ಹಿಂದಿನ ಭಾಷೆಗಳ ಪಟ್ಟಿಯಲ್ಲಿ ಮೇಲಿಂದ ನಾಲ್ಕನೇ ಸಾಲು ಕನ್ನಡ. ರಿಸರ್ವ್ ಬ್ಯಾಂಕಿನ ಎರಡು ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ.

ನಿಮ್ಮ ಮನೇಲೂ ಇಂಥದ್ದೊಂದು ಡಬ್ಬಿ ಇದ್ರೆ ನಾಲ್ಕು ಮಾತು.

ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಣಸೆ ಪುಳಿಯೋಗರೆಗೆ ಸರಿ, ಹಳೇ ತಾಮ್ರಕ್ಕಲ್ಲ. ಮೇಲಿನ ಪದರ ಹೋದ್ರೆ ಬೆಲೆಯೂ ಹೋಯ್ತು, ಗುರುತೂ ಹೋಯ್ತು.

ರದ್ದಾದ ಹಳೇ ಐನೂರು, ಸಾವಿರದ ನೋಟು ಸಿಕ್ಕಿದ್ರೆ ಗಾಬರಿ ಬೇಡ. 2017ರ ಕಾಯ್ದೆ ಪ್ರಕಾರ ಒಟ್ಟು ಹತ್ತು ನೋಟಿನವರೆಗೆ ಇಟ್ಕೋಬಹುದು. ಅಧ್ಯಯನ, ಸಂಶೋಧನೆ, ನಾಣ್ಯಸಂಗ್ರಹಕ್ಕಾದ್ರೆ ಇಪ್ಪತ್ತೈದು.

ನೂರು ವರ್ಷ ದಾಟಿದ ನಾಣ್ಯವನ್ನ ಆನ್‌ಸೈಟ್ ಹೋಗುವಾಗ ಸೂಟ್‌ಕೇಸಲ್ಲಿ ಹಾಕ್ಕೊಂಡು ಹೋಗ್ಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಅದನ್ನ ದೇಶದಿಂದ ಹೊರಗೆ ಒಯ್ಯೋ ಹಾಗಿಲ್ಲ.

ನಾಲ್ಕನೆಯದು ಮುಖ್ಯ. ಬೆಲೆ ಹುಡುಕೋ ಮೊದಲು ಇಟ್ಟವರನ್ನ ಕೇಳಿ. ಎಲ್ಲಿ ಸಿಕ್ತು, ಯಾರು ಕೊಟ್ರು, ಯಾಕೆ ಖರ್ಚು ಮಾಡಲಿಲ್ಲ. ಒಂದು ಚೀಟಿ ಬರೆದು ಜೊತೆಗಿಡಿ. ಇಲ್ಲಾಂದ್ರೆ ಫೋನಲ್ಲಿ ಅವರ ದನಿ ರೆಕಾರ್ಡ್ ಮಾಡಿ. ಮಾರೋದು ತಪ್ಪೇನಲ್ಲ, ಯಾವಾಗ ಬೇಕಾದ್ರೂ ಮಾರಬಹುದು. ಕೇಳೋಕೆ ಮಾತ್ರ ಅಷ್ಟು ಪುರಸೊತ್ತು ಇರಲ್ಲ.

ನಮ್ಮಣ್ಣನಿಗೆ ಇಲ್ಲೀವರೆಗಿನ ಶೀಟ್ ಕಳಿಸಿದೆ. ಅವನು ಬೆಲೆಯ ಕಾಲಮ್ಮಿನ ಬಗ್ಗೆ ಏನೂ ಕೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ‘ಅಮ್ಮನ ಗಂಟಲ್ಲಿರೋ ಒಂದು ರೂಪಾಯಿ ಯಾವ ಇಸವೀದು ನೋಡಿದ್ಯಾ?’ ಅಂದ. 2011 ಅಂದೆ. ಅವನಿಗೆ ಮೊದಲ ಕೆಲಸ ಸಿಕ್ಕಿದ್ದು 2012ರಲ್ಲಿ. ದೊಡ್ಡಪ್ಪನ ಆಪರೇಷನ್ ಆಗಿದ್ದು 2014ರಲ್ಲಿ. ಎರಡಕ್ಕೂ ಹೊಂದುತ್ತೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

312ರಲ್ಲಿ 190 ಮುಗಿದಿದೆ. ದೊಡ್ಡಪ್ಪನಿಗೆ ಈಚೆಗೆ ಕೆಲವು ಹೆಸರು ತಕ್ಷಣ ನೆನಪಿಗೆ ಬರಲ್ಲ, ಸ್ವಲ್ಪ ಹೊತ್ತು ಕಾಯಬೇಕು. ಈ ಭಾನುವಾರ ಇಬ್ಬರೂ ಹೋಗ್ತಿದ್ದೀವಿ.